ಕಾಣದೆ ಬಿಟ್ಟ ಚುಕ್ಕೆಗಳು

ಸೆಪ್ಟೆಂಬರ್ 3

ಪ್ರೀತಿಯ ಅತ್ತಿಗೆ,

ನಮ್ಮಲ್ಲಿ ನಕ್ಷತ್ರ ಹುಡುಕುವ ಕೆಲಸಕ್ಕೆ ನೀವು ಆಯ್ಕೆಯಾದ ಸುದ್ದಿ ನಮ್ಮ ಮುಖ್ಯಸ್ಥರ ಬಾಯಿಂದಲೇ ತಿಳಿಯಿತು. "ಅರವತ್ತು ಜನ ಬಂದಿದ್ರು, ಇಬ್ಬರೇ ಪಾಸು. ಒಬ್ಬರು ಫೋಟೋ ಸ್ಟುಡಿಯೋ ನಡೆಸ್ತಿದ್ದ ಹಿರಿಯರು. ಇನ್ನೊಬ್ಬರು ಇಷ್ಟು ದಿನ ಮನೆ ನೋಡ್ಕೊಂಡಿದ್ದ ಹೆಂಗಸು. ಅವರದ್ದು ಕಣ್ಣಲ್ಲ, ಹದ್ದು!" ಎಂದರು. ನನಗೆ ಹಿಗ್ಗು ತಡೆಯಲಾಗಲಿಲ್ಲ. "ಅವರು ನಮ್ಮತ್ತಿಗೆ ಸರ್" ಎಂದುಬಿಟ್ಟೆ. ಅವರ ಮುಖ ಗಂಟಿಕ್ಕಿತು. "ಹುಸಿಚುಕ್ಕೆ ಇಡೋಳು ನೀನು, ಹುಡುಕೋರು ನಿಮ್ಮತ್ತಿಗೆ. ಬೇಲಿನೂ ನಿಮ್ಮದೇ, ಹೊಲನೂ ನಿಮ್ಮದೇ ಆಯ್ತಲ್ಲ!" ಜಾಹೀರಾತು ಕತ್ತರಿಸಿ ನಿಮಗೆ ಕಳಿಸಿದವಳೂ ನಾನೇ ಎಂಬುದನ್ನು ಹೇಳಲಿಲ್ಲ.

ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟರು. ಸೀಸನ್ ಮುಗಿಯುವವರೆಗೆ, ಅಂದರೆ ಜನವರಿ ಕೊನೆಯವರೆಗೆ, ನಾನು ನಿಮ್ಮ ಮನೆಗೆ ಫೋನ್ ಮಾಡುವಂತಿಲ್ಲ, ಬರುವಂತಿಲ್ಲ. ಪತ್ರ ಬರೆಯಬಹುದು. ಆದರೆ ಯಾವ ಚಿತ್ರದಲ್ಲಿ ಹುಸಿಚುಕ್ಕೆ ಇಟ್ಟಿದ್ದೆ, ನೀವು ಯಾವುದನ್ನು ಬಿಟ್ಟಿರಿ ಎಂಬ ಒಂದಕ್ಷರವೂ ಅದರಲ್ಲಿರಬಾರದು. ಒಳ್ಳೆಯದೇ ಆಯಿತು. ಫೋನಿನಲ್ಲಿ ನನ್ನ ದನಿ ಕೇಳಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ನಿಮಗೆ ಗೊತ್ತಾಗಿಬಿಡುತ್ತದೆ.

ಕೆಲಸ ಏನೆಂದು ಅಣ್ಣ ಕೇಳಿದರೆ ಹೀಗೆ ಹೇಳಿ. ಒಂದು ಗೆಲಾಕ್ಸಿಯಲ್ಲಿ ನೂರು ವರ್ಷಕ್ಕೆ ಒಂದೋ ಎರಡೋ ನಕ್ಷತ್ರ ಸಿಡಿಯುತ್ತವೆ. ಆ "ಒಂದೋ ಎರಡೋ" ನಮಗೆ ಸಾಲದು, ಸರಿಯಾದ ಸಂಖ್ಯೆ ಬೇಕು. ಅದಕ್ಕೆ ದೂರದ ಸಾವಿರಾರು ಗೆಲಾಕ್ಸಿಗಳ ಫೋಟೋವನ್ನು ಮತ್ತೆ ಮತ್ತೆ ತೆಗೆಯುತ್ತೇವೆ. ಹೋದ ತಿಂಗಳು ಇಲ್ಲದ ಚುಕ್ಕೆ ಈ ತಿಂಗಳು ಬಂದಿದೆಯೇ ಎಂದು ನೀವು ನೋಡುತ್ತೀರಿ. ಆದರೆ ಕಂಡದ್ದನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಕಾಣದೆ ಬಿಟ್ಟದ್ದು ಎಷ್ಟೆಂದೂ ಗೊತ್ತಾಗಬೇಕು. ಆದ್ದರಿಂದ ನಾನು ಕೆಲವು ಚಿತ್ರಗಳಲ್ಲಿ ಕಳ್ಳ ಚುಕ್ಕೆ, ಅಂದರೆ ಆ ಹುಸಿಚುಕ್ಕೆ, ಇಡುತ್ತೇನೆ. ನೂರಕ್ಕೆ ಎಷ್ಟನ್ನು ನೀವು ಹಿಡಿಯುತ್ತೀರೋ ಅದು ನಿಮ್ಮ ಕಣ್ಣಿನ ಅಳತೆ.

ನಾನು ಹನ್ನೆರಡರವಳಿದ್ದಾಗ ಕದ್ದ ಚಾಕೊಲೇಟನ್ನು ಯಾವ ಪುಸ್ತಕದ ಹಿಂದೆ ಇಟ್ಟರೂ ಹಿಡಿಯುತ್ತಿದ್ದಿರಿ. ಈಗ ನೋಡೋಣ.

ನಿಮ್ಮ ಮಿಡತೆ

ಸೆಪ್ಟೆಂಬರ್ 19

ಪ್ರೀತಿಯ ಮಿಡತೆ,

ನಿನ್ನ ಸವಾಲನ್ನು ಒಪ್ಪಿಕೊಂಡೆ. ನಮ್ಮ ಕೋಣೆ ಹಳೆಯ ಗೋದಾಮೊಂದರ ಎರಡನೇ ಮಹಡಿಯಲ್ಲಿದೆ. ಎರಡು ಮೇಜು, ಎರಡು ಪರದೆ, ಕಿಟಕಿಗೆ ಕಂಬಳಿಯಂಥ ಕಪ್ಪು ಬಟ್ಟೆ. ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ಸ್ಟುಡಿಯೋ ಅಜ್ಜ ನಲವತ್ತು ವರ್ಷ ಮದುವೆ ಫೋಟೋ ತೆಗೆದವರು. "ಅವಾಗ ಕಣ್ಣು ಮುಚ್ಚಿದವರನ್ನ ಹುಡುಕ್ತಿದ್ದೆ, ಈಗ ಕಣ್ಣು ಬಿಟ್ಟ ನಕ್ಷತ್ರ ಹುಡುಕ್ತೀನಿ" ಎನ್ನುತ್ತಾರೆ. ನನಗೆ ಹದ್ದಮ್ಮ ಎಂದು ಹೆಸರಿಟ್ಟಿದ್ದಾರೆ.

ಬೆಳಿಗ್ಗೆ ಮರಿಯನ್ನು ಕಾರಿನಲ್ಲಿ ಶಾಲೆಗೆ ಬಿಟ್ಟು ಹಾಗೆಯೇ ಕೆಲಸಕ್ಕೆ ಬರುತ್ತೇನೆ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ "ನಾನು ಕೆಲಸಕ್ಕೆ ಹೊರಟೆ" ಎನ್ನುವ ಮಾತಿಗೆ ಎಂಥ ರುಚಿ ಇದೆ ಎಂದು ನಿನಗೆ ಗೊತ್ತಾಗಲಾರದು. ಮೊದಲ ದಿನವಂತೂ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದೆ. ನಿಮ್ಮಣ್ಣ, "ಗೊತ್ತಾಯ್ತು ಮಾರಾಯ್ತಿ, ಹೊರಡು" ಎಂದರು.

ಆರನೇ ದಿನ ಒಂದು ಸಿಕ್ಕಿತು. ನೀನು ಇಟ್ಟದ್ದಲ್ಲವಂತೆ, ನಿಜವಾದದ್ದು. ಮಸುಕು ಬೂದಿಯ ಅಂಚಿನಲ್ಲಿ ಸೂಜಿ ಚುಚ್ಚಿದಂಥ ಬೆಳಕು. ಆ ಬೆಳಕು ಅಲ್ಲಿಂದ ಹೊರಟಾಗ ಈ ಭೂಮಿಯ ಮೇಲೆ ನೋಡಲು ಕಣ್ಣೇ ಇರಲಿಲ್ಲ ಎಂದು ಅಜ್ಜ ಎಲ್ಲೋ ಓದಿ ಹೇಳಿದರು. ಮೈ ಜುಮ್ಮೆಂದಿತು. ಅಷ್ಟು ದೂರದಿಂದ ಬಂದದ್ದು ನೇರ ನನ್ನ ಕಣ್ಣಿಗೇ ಬೀಳಬೇಕೆ!

ನಿನ್ನ ಅತ್ತಿಗೆ

ಅಕ್ಟೋಬರ್ 24

ಪ್ರೀತಿಯ ಅತ್ತಿಗೆ,

ಇಲ್ಲಿ ಎಲ್ಲರೂ ನಿಮ್ಮನ್ನು ಹೊಗಳುತ್ತಾರೆ. ಈ ತಿಂಗಳು ಸ್ವಲ್ಪ ಗಡಿಬಿಡಿ, ಅದಕ್ಕೇ ಪತ್ರ ತಡವಾಯಿತು.

ಒಂದೆರಡು ಸಣ್ಣ ಪ್ರಶ್ನೆ, ಸುಮ್ಮನೆ ಕೇಳುತ್ತಿದ್ದೇನೆ. ನಿಮ್ಮ ಮೇಜಿಗೆ ಕಿಟಕಿ ಯಾವ ಕಡೆ ಇದೆ? ಪರದೆಯ ಒಂದು ಪಕ್ಕಕ್ಕೆ ಬೆಳಕು ಬಿದ್ದು ಹೊಳೆಯುತ್ತದೆಯೇ? ಅದನ್ನು ಒರೆಸುವ ಬಟ್ಟೆ ಸರಿಯಾಗಿದೆಯೇ? ನೀವು ನೇರವಾಗಿ ಕೂರುತ್ತೀರೋ ಒಂದು ಕಡೆ ವಾಲಿ ಕೂರುತ್ತೀರೋ?

ಇನ್ನೊಂದು, ಇದು ಕೆಲಸದ್ದಲ್ಲ. ಈಚೆಗೆ ಕಾಗದದ ಎಡಗಡೆ ನಾಲ್ಕು ಬೆರಳು ಜಾಗ ಬಿಟ್ಟು ಬರೆಯುತ್ತಿದ್ದೀರಲ್ಲ, ಅಲ್ಲಿ ನಾನು ಅಂಕ ಹಾಕಲೆಂದೇ? ಹತ್ತಕ್ಕೆ ಒಂಬತ್ತು ಕೊಟ್ಟಿದ್ದೇನೆ. ಒಂದು ಅಂಕ ಕಾಗದ ದಂಡ ಮಾಡಿದ್ದಕ್ಕೆ.

ನಿಮ್ಮ ಮಿಡತೆ

ನವೆಂಬರ್ 6

ಮಿಡತೆ,

ಕಿಟಕಿ ಬಲಗಡೆ ಇದೆ. ಪರದೆಯನ್ನು ದಿನಾ ಒರೆಸುತ್ತೇನೆ. ನೆಟ್ಟಗೆ ಕೂರುತ್ತೇನೆ. ಇನ್ನೇನಾದರೂ ವಿಚಾರಣೆ ಬಾಕಿಯಿದೆಯೆ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಅನ್ನಬೇಡ. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದರೆ ನನಗೆ ತಿಳಿಯುವುದಿಲ್ಲವೆ? ನಿಮ್ಮ ಮುಖ್ಯಸ್ಥರು ಹೇಳಿ ಬರೆಸಿದ್ದಾರೆ. ಓದಿದ ಹುಡುಗಿ ಯಾರೋ ಕಾಯುತ್ತಿರಬೇಕು, ನನ್ನ ಕುರ್ಚಿ ಬೇಕಾಗಿರಬೇಕು. ಇಲ್ಲಿ ಯಾವ ತೊಂದರೆಯೂ ಇಲ್ಲ ಎಂದು ಅವರಿಗೆ ಹೇಳು.

ಮನೆಯಲ್ಲಿ ಎಲ್ಲ ಸೌಖ್ಯ. ಕಾರಿನ ಕನ್ನಡಿ ಮುರಿಯಿತು. ಶಾಲೆಯ ಸಂದಿಯಲ್ಲಿ ಯಾರೋ ಕಂಬವನ್ನು ರಸ್ತೆಗೇ ಬರುವಂತೆ ನೆಟ್ಟಿದ್ದಾರೆ. ನಿಮ್ಮಣ್ಣ ಎಂದಿನಂತೆ, "ಕಂಬ ನಿನ್ನೆ ಮೊನ್ನೆ ಬಂದಿದ್ದಾ?" ಎಂದು ರೇಗಿಸಿದರು. ಊಟದಲ್ಲೂ ಹಾಗೆಯೇ, "ಅರ್ಧ ತಟ್ಟೆ ಹಾಗೇ ಬಿಡ್ತೀಯಲ್ಲ, ಸಣ್ಣ ಆಗೋಕಾ?" ಎಂದು ನಗುತ್ತಾರೆ.

ಈ ಪತ್ರದ ಎಡಕ್ಕೆ ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದೇನೆ. ಆ ಒಂದು ಅಂಕವನ್ನೂ ಕೊಡು.

ಅತ್ತಿಗೆ

ನವೆಂಬರ್ 14

ಪ್ರೀತಿಯ ಅತ್ತಿಗೆ,

ಕೋಪ ಬೇಡ. ಯಾರೂ ನಿಮ್ಮ ಕುರ್ಚಿಗೆ ಕಣ್ಣು ಹಾಕಿಲ್ಲ.

ಇಂದು ಆಫೀಸಿನಿಂದ ಸೂಚನೆ ಬರುತ್ತದೆ: ಹತ್ತು ದಿನ ನೀವು ಅಜ್ಜನ ಮೇಜಿನಲ್ಲಿ ಕೂರಬೇಕು, ಅಜ್ಜ ನಿಮ್ಮದರಲ್ಲಿ. ಯಂತ್ರಗಳ ಪರೀಕ್ಷೆ, ಅಷ್ಟೆ. ದಯವಿಟ್ಟು ಇದರ ಹಿಂದೆ ಬೇರೆ ಅರ್ಥ ಹುಡುಕಬೇಡಿ. ಅಣ್ಣನಿಗೂ ಮರಿಗೂ ನೆನಪು ಹೇಳಿ.

ಮಿಡತೆ

ಡಿಸೆಂಬರ್ 2

ಪ್ರೀತಿಯ ಮಿಡತೆ,

ಹತ್ತು ದಿನ ಅಜ್ಜನ ಕುರ್ಚಿಯಲ್ಲಿ ಕೂತು ಮತ್ತೆ ನನ್ನದಕ್ಕೆ ಬಂದೆ. ಯಂತ್ರ ಪಾಸಾಯಿತೆ? ನೀನು ಒಂದು ಮಾತೂ ಬರೆಯಲಿಲ್ಲ. ಹದಿನೆಂಟು ದಿನ ಅಂಚೆ ಪೆಟ್ಟಿಗೆ ತೆಗೆದು ತೆಗೆದು ನೋಡಿದೆ.

ಒರಟಾಗಿ ಬರೆದದ್ದಕ್ಕೆ ಬೇಸರ ಮಾಡಿಕೊಂಡೆಯೇನೋ. ನನಗೊಂದು ಭಯ, ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ? ಈ ಕೆಲಸ ಹೋದರೆ ನಾನು ಮತ್ತೆ ಆ ಮನೆಯ ನಾಲ್ಕು ಗೋಡೆಗಳಿಗೆ ಹೇಗೆ ಹೊಂದಿಕೊಳ್ಳಲಿ? ಮೊನ್ನೆ ಮರಿಯ ಶಾಲೆಯಲ್ಲಿ "ತಾಯಿಯ ಉದ್ಯೋಗ" ಎಂಬ ಜಾಗದಲ್ಲಿ ಅವಳು "ನಕ್ಷತ್ರ ಎಣಿಸುವುದು" ಎಂದು ಬರೆದಳು. ಟೀಚರು ನನ್ನನ್ನು ಕರೆಸಿ, "ತಮಾಷೆ ಮಾಡಿದ್ದಾಳಾ?" ಎಂದು ಕೇಳಿದರು. "ಇಲ್ಲ, ಸರಿಯಾಗೇ ಬರೆದಿದ್ದಾಳೆ" ಎಂದೆ. ಆ ಮಾತು ಹೇಳಲು ಇನ್ನೊಂದು ವರ್ಷವಾದರೂ ಸಿಗಲಿ.

ಒಂದೇ ಕೇಳುತ್ತೇನೆ. ನಾನು ತುಂಬ ಬಿಡುತ್ತಿದ್ದೇನೆಯೆ? ಹೇಳಬಾರದೆಂದು ಗೊತ್ತು. ಹೂಂ ಅಥವಾ ಉಹೂಂ, ಅಷ್ಟು ಸಾಕು.

ನಿನ್ನ ಅತ್ತಿಗೆ

ಡಿಸೆಂಬರ್ 7

ಪ್ರೀತಿಯ ಅತ್ತಿಗೆ,

ಹೂಂ ಉಹೂಂ ಎರಡಕ್ಕೂ ನಾನು ಸಹಿ ಹಾಕಿ ಬಾಯಿ ಕಟ್ಟಿಕೊಂಡಿದ್ದೇನೆ.

ಈ ಸಲ ಹುಡುಕುವವರೆಲ್ಲ ಒಮ್ಮೆ ಕಣ್ಣು ತೋರಿಸಿಕೊಂಡು ಬರಬೇಕೆಂದು ತೀರ್ಮಾನವಾಗಿದೆ. ನೀವೊಬ್ಬರೇ ಅಲ್ಲ, ಅಜ್ಜನೂ. ಈ ವಾರವೇ ಹೋಗಿ. ನಾಳೆ ನಾಡಿದ್ದು ಎನ್ನಬೇಡಿ. ತಲೆನೋವು ಗಿಲೆನೋವು ಏನಾದರೂ ಇದ್ದರೆ ಅದನ್ನೂ ಹೇಳಿ. ನನಗಾಗಿ ಹೋಗಿ ಅತ್ತಿಗೆ.

ಮಿಡತೆ

ಡಿಸೆಂಬರ್ 20

ಪ್ರೀತಿಯ ಮಿಡತೆ,

ಹೋಗಿ ಬಂದೆ. ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಓದಿಬಿಟ್ಟೆ. "ಅಮ್ಮಾ, ನಿಮ್ಗೆ ಕನ್ನಡಕ ಮಾರೋ ಭಾಗ್ಯ ನನಗಿಲ್ಲ" ಎಂದ ಅಂಗಡಿಯವನು. ನಿಮ್ಮ ಮುಖ್ಯಸ್ಥರ ಬಾಯಿಗೆ ಇದೇ ಬೀಗ. ತಲೆನೋವಿಲ್ಲ.

ಇನ್ನೊಂದು ಗುಟ್ಟು. ಕೆಲಸದಲ್ಲಿ ನನ್ನದೇ ಒಂದು ಉಪಾಯ ಹುಡುಕಿಕೊಂಡಿದ್ದೇನೆ. ಸಮಯ ಎರಡರಷ್ಟು ಹಿಡಿಯುತ್ತದೆ, ಹಾಗಾಗಿ ಬೇಗ ಹೋಗಿ ತಡವಾಗಿ ಬರುತ್ತೇನೆ. ಏನೆಂದು ಹೇಳುವುದಿಲ್ಲ. ನಿನಗೆ ಮಾತ್ರವೇ ಗುಟ್ಟು ಇರಬೇಕೇ?

ಮರಿ ಹೊಸ ಆಟ ಕಲಿತಿದ್ದಾಳೆ. ಮೆಲ್ಲಗೆ ಬಂದು ನನ್ನ ಪಕ್ಕವೇ ನಿಂತಿರುತ್ತಾಳೆ. "ಮರೀ, ಎಲ್ಲಿದ್ದೀಯೇ?" ಎಂದು ನಾನು ಮನೆಯೆಲ್ಲ ಕೂಗಬೇಕು. ಆಮೇಲೆ ಕಿಸಕ್ಕನೆ ನಗುತ್ತಾಳೆ. ನಾನೂ ನಗುತ್ತೇನೆ.

ನಿನ್ನ ಅತ್ತಿಗೆ

ಜನವರಿ 11

ನನ್ನ ಹದ್ದಮ್ಮಾ,

ನಿಯಮ ಮುರಿಯದೆ ಹೇಗೆ ಹೇಳಲಿ? ಇವತ್ತು ಹೊಸ ಪಟ್ಟಿ ನೋಡಿ ಕುರ್ಚಿಯಿಂದ ಎದ್ದು ಕುಣಿದೆ. ಪಕ್ಕದ ಕೋಣೆಯವರು ಬಂದು, "ಏನ್ರೀ, ನಕ್ಷತ್ರ ಇಲ್ಲೇ ಸಿಡೀತಾ?" ಎಂದರು. ಇಷ್ಟು ದಿನ ಎದೆಯ ಮೇಲೆ ಒಂದು ಕಲ್ಲಿತ್ತು ಅತ್ತಿಗೆ. ಯಾವ ಕಲ್ಲು, ಯಾಕೆ ಎಂಬುದನ್ನು ಸೀಸನ್ ಮುಗಿದ ಮೇಲೆ ಎದುರು ಕೂತು ಹೇಳುತ್ತೇನೆ, ಇಬ್ಬರೂ ನಗೋಣ. ನಿಮಗೊಂದು ಪತ್ರ ಬರೆದು ಲಕೋಟೆಗೆ ಹಾಕಿಟ್ಟಿದ್ದೆ. ಇವತ್ತು ಅದನ್ನು ಹರಿದುಹಾಕಿದೆ.

ಬರೀ ಆಯಾಸ ಇತ್ತು, ಅಲ್ಲವೆ? ಹೊಸ ಕೆಲಸ, ಮನೆ, ಮಗು, ಕಾರು. ಆಯಾಸ ಎಂಥವರನ್ನೂ ಬಿಡುವುದಿಲ್ಲ.

ಇಪ್ಪತ್ತೇ ದಿನ. ಫೆಬ್ರವರಿ ಒಂದಕ್ಕೆ ನಿಮ್ಮ ಮನೆಯ ಬಾಗಿಲಲ್ಲಿರುತ್ತೇನೆ.

ಮಿಡತೆ

ಜನವರಿ 29

ಅತ್ತಿಗೆ,

ಅಣ್ಣ ಫೋನ್ ಮಾಡಿದ್ದ. ನೀವು ಗೋದಾಮಿನ ಗೇಟಿನಿಂದ ಕಾರು ಹೊರಗೆ ತೆಗೆಯುವಾಗ ಸ್ಟುಡಿಯೋ ಅಜ್ಜ ಕಂಬಕ್ಕೂ ಕಾರಿಗೂ ನಡುವೆ ಸಿಕ್ಕಿಕೊಂಡರು ಎಂದ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು ಎಂದ. ಪೊಲೀಸರು ನಿಮಗೂ ಡಾಕ್ಟರ ಪರೀಕ್ಷೆ ಮಾಡಿಸಿದರು, ತಲೆಯ ಹಿಂಭಾಗದಲ್ಲಿ, ಬಲಗಡೆ, ಗಡ್ಡೆ ಇದೆ, ಎಡಗಡೆಯದ್ದೇನೂ ನಿಮಗೆ ಕಾಣುವುದಿಲ್ಲ ಎಂದರು ಎಂದ. "ಯಾರಿಗೂ ಗೊತ್ತೇ ಆಗಲಿಲ್ವಲ್ಲೇ" ಎಂದು ಅತ್ತ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬರೆಯುತ್ತಿದ್ದೇನೆ.

ನನಗೆ ಗೊತ್ತಿತ್ತು.

ಅಕ್ಟೋಬರಿನಲ್ಲಿ ನಿಮ್ಮ ಪರದೆಯ ಎಡಭಾಗದಲ್ಲಿ ನಲವತ್ತೊಂದು ಹುಸಿಚುಕ್ಕೆ ಇಟ್ಟಿದ್ದೆ. ನೀವು ಹಿಡಿದದ್ದು ನಾಲ್ಕು. ಬಲಭಾಗದಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡೆ. ಆದರೆ ಅದೇ ಚಿತ್ರಗಳಲ್ಲಿ ಅಜ್ಜನಿಗೆ ಎಡದವೂ ಸಿಕ್ಕಿದ್ದವು. ಪರದೆ ಕೆಟ್ಟಿದೆ ಎಂದುಕೊಂಡು ಮೇಜು ಬದಲಿಸಿದೆ. ನಿಮ್ಮ ಪರದೆಯಲ್ಲಿ ಅಜ್ಜ ಎಲ್ಲವನ್ನೂ ಹಿಡಿದರು. ಅಜ್ಜನ ಪರದೆಯಲ್ಲಿ ನೀವು ಎಡಗಡೆಯದನ್ನೇ ಬಿಟ್ಟಿರಿ. ನವೆಂಬರ್ ಇಪ್ಪತ್ತಾರರ ಮಧ್ಯಾಹ್ನ, ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ, ಕೆಟ್ಟಿರುವುದು ಯಂತ್ರವಲ್ಲ ಎಂದು ಗೊತ್ತಾಯಿತು.

ಮುಖ್ಯಸ್ಥರ ಬಳಿ ಓಡಿದೆ. "ಈಗ ಹೇಳಿದ್ರೆ ಪ್ರಯೋಗ ಕೆಡುತ್ತೆ. ಐದು ತಿಂಗಳ ಆಕಾಶ ನೀರುಪಾಲು" ಎಂದರು. "ಸರ್, ಅವರಿಗೇನೋ ಆಗಿದೆ" ಎಂದೆ. "ನೀನು ಡಾಕ್ಟರಾ? ಸುಸ್ತಾಗಿರಬಹುದು. ಅವರು ಎಷ್ಟು ಬಿಡ್ತಾರೋ ಅಷ್ಟನ್ನ ಗುಣಿಸಿ ಸೇರಿಸು. ಅದಕ್ಕೇ ಅಲ್ವಾ ಹುಸಿಚುಕ್ಕೆ ಇಡೋದು?" ಎಂದರು. ನಾನು ಗುಣಿಸಿದೆ. ನಿಮ್ಮ ಎಡಗಡೆಗೆ ಹತ್ತು ಪಟ್ಟು ಎಂದು ಬರೆದೆ. ನಿಮಗಾಗುತ್ತಿದ್ದದ್ದಕ್ಕೆ ಒಂದು ಸಂಖ್ಯೆ ಇಟ್ಟು ಊಟಕ್ಕೆ ಹೋದೆ.

ಎಲ್ಲವನ್ನೂ ಹೇಳಿ ಒಂದು ಪತ್ರ ಬರೆದೆ. ಅಂಚೆಗೆ ಹಾಕಲಿಲ್ಲ. ಅದರ ಬದಲು ಕಣ್ಣು ತೋರಿಸಿ ಎಂದು ಅಡ್ಡಮಾತಿನ ಪತ್ರ ಹಾಕಿದೆ. ಆ ಅಂಗಡಿಯವನ ಮಾತನ್ನು ನಂಬಿದೆ, ಏಕೆಂದರೆ ನಂಬಬೇಕಿತ್ತು. ಜನವರಿಯಲ್ಲಿ ನಿಮ್ಮ ಎಡಗಡೆಯ ಚುಕ್ಕೆಗಳೆಲ್ಲ ಸಿಗತೊಡಗಿದವು. ಹೇಗೆ ಎಂದು ಒಂದು ಕ್ಷಣವೂ ಯೋಚಿಸದೆ ಕುಣಿದೆ. ನನ್ನ ಕೆಲಸವೇ ಯೋಚಿಸುವುದು.

ನೀವು ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು. ನಾನು ಒಂದು ಸಹಿಯನ್ನು ಹಿಡಿದುಕೊಂಡು ಕೂತೆ. ಮುಖ ತೋರಿಸುವ ಧೈರ್ಯವಿಲ್ಲ. ಬಾ ಎಂದರೆ ಬರುತ್ತೇನೆ. ಬೇಡವೆಂದರೆ ಅದೂ ಸರಿ.

ಫೆಬ್ರವರಿ 6

ಮಿಡತೆ,

ನಿನ್ನ ಪತ್ರವನ್ನು ಆಸ್ಪತ್ರೆಗೆ ತಂದು ನಿಮ್ಮಣ್ಣನೇ ಓದಿ ಹೇಳಿದರು. ನಡುವೆ ನಿಲ್ಲಿಸಿ ಹೊರಗೆ ಹೋಗಿ ಬಂದು ಉಳಿದದ್ದನ್ನು ಓದಿದರು. "ಅವಳು ಇಲ್ಲಿ ಕಾಲಿಡೋದು ಬೇಡ" ಎಂದರು. ಈಗ ಮರಿಯನ್ನು ಕರೆತರಲು ಹೋಗಿದ್ದಾರೆ. ಅವರಿಲ್ಲದಾಗ ಬರೆಯುತ್ತಿದ್ದೇನೆ. ಸಾಲುಗಳು ಎಲ್ಲೆಲ್ಲೋ ಹೋದರೆ ಹೊಂದಿಸಿಕೊಂಡು ಓದು.

ನನಗೆ ಸಿಟ್ಟಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ತಿಂಗಳ ಮೊದಲೇ ಗೊತ್ತಾಗಿದ್ದರೆ ಗಡ್ಡೆ ಸಣ್ಣದಿರುತ್ತಿತ್ತು ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದರು. ಆ ಮಾತು ಕೇಳಿದಾಗ ನಿನ್ನ ಪತ್ರ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಎರಡನ್ನೂ ಕೂಡಿಸಿಕೊಂಡೆ.

ಆದರೆ ನೀನೊಬ್ಬಳೇ ಬಚ್ಚಿಟ್ಟದ್ದಲ್ಲ. ನಿನಗಿಂತ ಮುಂಚೆ ನನಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದು ಬಡಿದು ನೀಲಿಯಾಗಿತ್ತು. ಉದ್ದ ತೋಳಿನ ರವಿಕೆ ಹೊಲಿಸಿಕೊಂಡೆ. ತಲೆನೋವಿಲ್ಲ ಎಂದು ಬರೆದ ದಿನ ಎರಡು ಸಲ ವಾಂತಿ ಮಾಡಿದ್ದೆ. ಹೆಸರಿಟ್ಟು ಕರೆದರೆ ಅದು ಬಂದು ಕೂತುಬಿಡುತ್ತದೆ ಎಂಬ ಭಯ. ಕುರ್ಚಿ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಭಯ. ನನ್ನ ಉಪಾಯ ಏನೆಂದು ಕೇಳಲಿಲ್ಲ ನೀನು. ಒಂದು ಗುಂಡಿ ಒತ್ತಿದರೆ ಚಿತ್ರ ಕನ್ನಡಿಯೊಳಗಿನಂತೆ ಮಗುಚಿಕೊಳ್ಳುತ್ತದೆ. ಎಡದ್ದು ಬಲಕ್ಕೆ ಬರುತ್ತದೆ. ಪ್ರತಿ ಚಿತ್ರವನ್ನೂ ಎರಡು ಸಲ ನೋಡುತ್ತಿದ್ದೆ. ನಿನ್ನನ್ನು ಗೆದ್ದೆ ಎಂದು ಖುಷಿಪಡುತ್ತಿದ್ದೆ. ಸಂಜೆ ಕಾರಿನಲ್ಲಿ ಕೂತಾಗ ರಸ್ತೆಯನ್ನು ತಿರುಗಿಸುವ ಗುಂಡಿ ಇರಲಿಲ್ಲ. ಆದರೂ ಹತ್ತಿರದ ದಾರಿ, ಗೊತ್ತಿರುವ ದಾರಿ ಎಂದು ಓಡಿಸಿದೆ. ಮಗುವನ್ನು ಕೂರಿಸಿಕೊಂಡು ಓಡಿಸಿದೆ. ನಿನ್ನ ತಪ್ಪನ್ನು ತೂಗುವ ತಕ್ಕಡಿ ನನ್ನ ಕೈಯಲ್ಲಿಲ್ಲ.

ನಿನ್ನೆ ಅಜ್ಜನ ಮಗಳು ಬಂದಿದ್ದಳು. ಹೊಡೆಯಲು ಬಂದಳೇನೋ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಮಂಚದ ತುದಿಯಲ್ಲಿ ಕೂತು, "ಅಪ್ಪ ಹೇಳಿದ್ದನ್ನ ತಲುಪಿಸೋಕೆ ಬಂದೆ" ಎಂದಳು. ದಿನಾ ಪಕ್ಕದಲ್ಲೇ ಕೂತು ನೋಡುತ್ತಿದ್ದ ಅಜ್ಜನಿಗೂ ಗೊತ್ತಿತ್ತಂತೆ. ಅದಕ್ಕೇ ದಿನಾ ಸಂಜೆ ಗೇಟಿನ ಬಲಗಡೆ ನಿಂತು ನನಗೆ ಕೈಸನ್ನೆ ಮಾಡುತ್ತಿದ್ದರಂತೆ. ಆ ದಿನ ಗೇಟಿನ ಎಡಗಡೆಯ ಬಾಗಿಲು ಗಾಳಿಗೆ ಮುಚ್ಚಿಕೊಳ್ಳುತ್ತಿತ್ತು, ಹಿಡಿಯಲು ಆ ಕಡೆ ಹೋದರು. "ಎಡಗಡೆ ನಿಲ್ಲಬಾರದಿತ್ತು ನಾನು, ಅವಳದ್ದೇನೂ ತಪ್ಪಿಲ್ಲ ಅಂತ ಹೇಳು ಅಂದ್ರು." ಅಷ್ಟು ಹೇಳಿ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ, "ನಾನು ಹಾಗೆ ಅನ್ಕೊಂಡಿಲ್ಲ. ಅಪ್ಪನ ಮಾತು, ಹೇಳಿದೆ ಅಷ್ಟೆ" ಎಂದಳು.

ಮೂರು ಜನಕ್ಕೆ ಗೊತ್ತಿತ್ತು, ಮಿಡತೆ. ಒಬ್ಬರಿಗೊಬ್ಬರು ಒಳ್ಳೆಯವರಾಗಿರಲು ಹೋಗಿ ಬಾಯಿ ಮುಚ್ಚಿಕೊಂಡೆವು.

ನನ್ನ ಚಿತ್ರಗಳನ್ನು ಲೆಕ್ಕದಿಂದ ತೆಗೆಯುತ್ತೀರೋ ಇಡುತ್ತೀರೋ ನಿಮಗೆ ಬಿಟ್ಟದ್ದು. ಇಟ್ಟರೆ ಆ ಹತ್ತು ಪಟ್ಟು ಯಾಕೆ ಎಂಬುದನ್ನು ವರದಿಯ ಕೆಳಗೆ ಬರೆಯಲೇಬೇಕು. ಸುಸ್ತು ಎಂದು ಬರೆಯಕೂಡದು. ನಿಮ್ಮ ಮುಖ್ಯಸ್ಥರು ಒಪ್ಪದಿದ್ದರೆ ನೀನು ಸಹಿ ಹಾಕಬೇಡ.

ಒಂಬತ್ತನೇ ತಾರೀಕು ಬೆಳಿಗ್ಗೆ ಏಳಕ್ಕೆ ಆಪರೇಷನ್. ಆಮೇಲೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಕೇಳಿದರೆ ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ. ಎಂಟನೇ ತಾರೀಕಿಗೇ ಹೊರಟು ಬಾ. ನಿಮ್ಮಣ್ಣ ಬೈದರೆ ಬೈಸಿಕೋ, ಅವರ ಎದುರು ಅಳಬೇಡ. ನಾನು ಕರೆದಿದ್ದೇನೆ ಎನ್ನು. ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಕೋಣೆ. ಬಂದವರೆಲ್ಲ ಬಾಗಿಲಿಗೆ ಹತ್ತಿರವೆಂದು ಎಡಗಡೆಯ ಕುರ್ಚಿಯಲ್ಲೇ ಕೂರುತ್ತಾರೆ, ಬರೀ ದನಿಯಾಗಿಬಿಡುತ್ತಾರೆ.

ನೀನು ಮಂಚ ಬಳಸಿಕೊಂಡು ಬಂದು ಬಲಗಡೆ ಕೂತುಕೋ. ನಿನ್ನ ಮುಖ ನೋಡಬೇಕು.

ಅತ್ತಿಗೆ